ಕಂಬಕ್ಕೆ ಅಂಟಿದ್ದು ರಸ್ತೆಗೆ ಅಂಟಲಿಲ್ಲ

ಬಳ್ಳಾರಿಯಲ್ಲಿ ಸಾರ್ವಜನಿಕ ಆಸ್ತಿ ಮೇಲೆ ಕೈಯಾಡಿಸುವವರು ಎರಡು ಥರ. ಟೆಂಡರ್ ಹಿಡಿದು ಹಾಡಹಗಲೇ ಕೆಲಸ ಮಾಡುವವರು, ಟೆಂಡರ್ ಇಲ್ಲದೆ ನಸುಕಿನಲ್ಲಿ ಮಾಡುವವರು. ಒಂದು ಮಳೆಗಾಲ ಕಳೆಯಲಿ, ಯಾವುದಾದರೂ ಬೀದಿಯಲ್ಲಿ ನಿಂತು ನೋಡಿ. ‘ಮೂಲವ್ಯಾಧಿಗೆ ಆಪರೇಷನ್ ಬೇಡ’ ಎನ್ನುವ ಸ್ಟಿಕರ್ ಕಂಬದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದೇ ಕಂಬದ ಬುಡದಲ್ಲಿ ಹಾಕಿದ ಡಾಂಬರಿನ ತೇಪೆ ಜಲ್ಲಿಯಾಗಿ ಚರಂಡಿ ಸೇರಿರುತ್ತದೆ.

ಇದರಲ್ಲಿ ವಶೀಕರಣ ಏನೂ ಇಲ್ಲ. (ಅದರ ಸ್ಟಿಕರ್ ಪಕ್ಕದ ಕಂಬದಲ್ಲಿದೆ.) ಸ್ಟಿಕರ್ ಹುಡುಗ ಮೊದಲು ಹಸಿ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಕಂಬ ಒರೆಸುತ್ತಾನೆ. ಅದಿರಿನ ಲಾರಿ ಓಡಾಡುವ ಸೀಮೆ ಇದು. ಕೆಂಧೂಳಿನ ಮೇಲೆ ಅಂಟಿಸಿದರೆ ಗೋಂದು ಹಿಡಿಯುವುದು ಧೂಳನ್ನೇ ಹೊರತು ಕಂಬವನ್ನಲ್ಲ. ಸ್ಟಿಕರ್ ಬೆನ್ನಿನ ಹಾಳೆಯನ್ನು ಒಮ್ಮೆಗೇ ಸುಲಿಯುವುದಿಲ್ಲ. ಮೇಲಿನ ಒಂದಿಂಚು ಸುಲಿದು ಕೂರಿಸಿ, ಉಳಿದದ್ದನ್ನು ಎಳೆಯುತ್ತ, ಹಳೆ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬರುತ್ತಾನೆ. ಇಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿ ಬಿಸಿಲಿಗೆ ಉಬ್ಬಿ ಗುಳ್ಳೆ ಏಳುತ್ತದೆ. ಮೇ ತಿಂಗಳ ಮಧ್ಯಾಹ್ನ ಆತ ಕಂಬ ಮುಟ್ಟುವುದೇ ಇಲ್ಲ. 40 ಡಿಗ್ರಿ ದಾಟಿದ ದಿನ ಕಬ್ಬಿಣ ಕೈ ಸುಡುತ್ತದೆ, ಗೋಂದು ಮೆತ್ತಗಾಗಿ ಸ್ಟಿಕರ್ ಜಾರುತ್ತದೆ.

ರಸ್ತೆ ತೇಪೆಯ ನಿಯಮವೂ ಇದೇ. ಗುಂಡಿಯ ಅಂಚನ್ನು ನೆಟ್ಟಗೆ ಚೌಕವಾಗಿ ಕಡಿಯಬೇಕು, ಧೂಳು ಗುಡಿಸಿ ಕಂಪ್ರೆಸರ್‌ನಿಂದ ಊದಬೇಕು, ಎಮಲ್ಷನ್ (ನೀರಿನಲ್ಲಿ ಬೆರೆತ ಡಾಂಬರು) ತೆಳ್ಳಗೆ ಸಿಂಪಡಿಸಿ ಅದು ಕಂದು ಬಣ್ಣದಿಂದ ಕಪ್ಪಿಗೆ ತಿರುಗುವತನಕ ಕಾಯಬೇಕು, ಆಮೇಲೆ ಬಿಸಿ ಮಿಶ್ರಣ ಸುರಿದು ರೋಲರ್ ಓಡಿಸಬೇಕು. ನಮ್ಮಲ್ಲಿ ಗುಡಿಸುವುದು ಬಿಲ್ಲಿನಲ್ಲಿ ನಡೆಯುತ್ತದೆ, ಕಾಯುವುದು ಬಿಲ್ ಪಾಸಾಗುವತನಕ.

ಸಿಮೆಂಟ್ ಕಂಬದ ಕಥೆ ಬೇರೆ. ಮೈ ತರಿತರಿ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಸ್ಟಿಕರ್ ನಿಲ್ಲುವುದಿಲ್ಲ. ಅದಕ್ಕೆ ಕಾಗದ ಮತ್ತು ಮೈದಾ ಅಂಟೇ ಸರಿ. ಒಂದು ಕಿಲೋ ಮೈದಾವನ್ನು ಒಂದು ಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಲೀಟರ್ ನೀರಿಗೆ ಸುರಿದು ಕೈಬಿಡದೆ ತಿರುವಬೇಕು. ಬಿಳುಪು ಹೋಗಿ ಮಿರಮಿರ ಅಂದಾಗ ಇಳಿಸಬೇಕು. ಹುಳ, ಬೂಸ್ಟು ಬರದಿರಲಿ ಅಂತ ಚೂರು ಮೈಲುತುತ್ತ. ಬೀದಿ ದನಗಳು ಪೋಸ್ಟರ್ ಕಿತ್ತು ತಿನ್ನುವುದು ಈ ಮೈದಾ ಆಸೆಗೆ. ಮೈಲುತುತ್ತ ವಿಷವೆಂದು ಅವಕ್ಕೆ ಯಾರೂ ಸ್ಟಿಕರ್ ಹಾಕಿ ತಿಳಿಸಿಲ್ಲ.

ಎಂಟು ಮುಖದ ಬೀದಿದೀಪದ ಕಂಬ ಎಲ್ಲರಿಗೂ ಪ್ರಿಯ. ನುಣುಪು, ಮಟ್ಟಸ. ಆದರೆ ಒಂದು ಮುಖಕ್ಕಿಂತ ಅಗಲವಾಗಿ ಪ್ರಿಂಟ್ ಹಾಕಿಸಿದರೆ ಮಡಿಕೆಯಲ್ಲಿ ಅಂಚು ಏಳುತ್ತದೆ, ಫೋನ್ ನಂಬರಿನ ಕೊನೆಯ ಅಂಕಿ ಗಾಳಿಗೆ ಹೋಗುತ್ತದೆ. ‘ಜೀನ್ಸ್ ಹೊಲಿಯಲು ಟೇಲರ್ ಬೇಕು’ ಎನ್ನುವ ಒಂಬತ್ತಂಕಿಯ ಸ್ಟಿಕರ್‌ಗಳು ಹೀಗೆ ಹುಟ್ಟಿದವು. ಇನ್ನು ಬೀದಿದೀಪ ಕೆಟ್ಟಿದೆ ಎಂದು ದೂರು ಕೊಡಲು ಹೋದರೆ ಕಂಬದ ನಂಬರ್ ಕೇಳುತ್ತಾರೆ. ಅದು ಮೂರು ಪದರದ ಕೆಳಗಿದೆ. ಮೇಲೆ ಕಾಣುವ ನಂಬರಿಗೆ ಫೋನ್ ಮಾಡಿದರೆ ದೀಪ ಬರುವುದಿಲ್ಲ, ಆಧಾರ್ ಕಾರ್ಡಿನ ಮೇಲೆ ಐದು ನಿಮಿಷದಲ್ಲಿ ಸಾಲ ಬರುತ್ತದೆ.

ಕಾನೂನು ಇಲ್ಲವೇ ಅಂದರೆ, ಇದೆ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ರಾಜ್ಯದ ಕಾಯ್ದೆ 1981ರದ್ದು. ಆರು ತಿಂಗಳವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆರೋಪಿ ತನ್ನ ಹೆಸರು, ವಿಳಾಸ, ವಾಟ್ಸಾಪ್ ನಂಬರನ್ನು ದೊಡ್ಡಕ್ಷರದಲ್ಲಿ ಬಿಟ್ಟುಹೋಗಿರುವುದರಿಂದ ಪತ್ತೆ ಹಚ್ಚುವುದು ಕಷ್ಟವಾಗಿದೆ.

ಹಾಗಾಗಿ ಶಿಕ್ಷೆ ಬೀಳುವುದು ಕಂಬಕ್ಕೆ. ಸಾಹೇಬರು ಬರುವ ಹಿಂದಿನ ದಿನ ಸ್ಟಿಕರ್ ಕೀಳದೆ ಅದರ ಮೇಲೆಯೇ ಬೆಳ್ಳಿ ಬಣ್ಣ ಬಳಿಯುತ್ತಾರೆ. ಆರು ತಿಂಗಳಿಗೆ ಸ್ಟಿಕರ್ ತನ್ನ ಪಾಡಿಗೆ ಕಳಚಿ, ಬಣ್ಣವನ್ನೂ ಎಳೆದುಕೊಂಡು ಬೀಳುತ್ತದೆ. ಹೊಸ ಬಣ್ಣ ಬಿದ್ದಿದ್ದನ್ನು ಹುಡುಗರು ಗಮನಿಸಿರುತ್ತಾರೆ, ಆದರೆ ಮರುದಿನವೇ ನುಗ್ಗುವುದಿಲ್ಲ. ಹಸಿ ಬಣ್ಣದ ಮೇಲೆ ಅಂಟಿಸಿದರೆ ಗುಳ್ಳೆ ಏಳುತ್ತದೆಂದು ಒಂದು ವಾರ ಬಿಟ್ಟು ಬರುತ್ತಾರೆ. ಇಷ್ಟು ತಾಳ್ಮೆ ಬಣ್ಣ ಬಳಿದವನಿಗಿಲ್ಲ.

ಕೆಲವು ಕಡೆ ತಂತಿ ಬ್ರಷ್ ಹಾಕಿ ಕೆರೆಯುತ್ತಾರೆ. ಸ್ಟಿಕರ್ ಜೊತೆ ಕಂಬದ ಸತುವಿನ ಲೇಪವೂ ಹೋಗಿ, ಮುಂದಿನ ಮಳೆಗೆ ತುಕ್ಕು. ಸರಿಯಾದ ದಾರಿ ಅಗ್ಗದ್ದು: ಗೋಂದು ಬಿಸಿಯಾಗಿ ಸಡಿಲಾದಾಗ ಮೂಲೆ ಹಿಡಿದು, ಕಂಬಕ್ಕೆ ತಾಗುವಂತೆ ಹಿಂದಕ್ಕೆ ಮಡಚಿ ನಿಧಾನ ಎಳೆಯಬೇಕು. ಉಳಿದ ಜಿಗುಟಿಗೆ ಸೀಮೆಎಣ್ಣೆ ಬಟ್ಟೆ ಸಾಕು. ಬಿಸಿ ಮಾಡಲು ಖರ್ಚಿಲ್ಲ, ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಹೋದರಾಯಿತು. ಆದರೂ ಕಂಬ ಬಿಸಿ ಮಾಡುವ ಯಂತ್ರಕ್ಕೆ ಯಾರಾದರೂ ಎಸ್ಟಿಮೇಟ್ ಬರೆಯಲು ಕೂತೇ ಬಿಟ್ಟರೆ, ಬಿಸಿಲಿಗೂ ಜಿಎಸ್‌ಟಿ ಸೇರಿಸಿಕೊಳ್ಳಲಿ.