ಉತ್ತರ ಹೇಳುವ ಮೊದಲು ಮಕ್ಕಳನ್ನು ಕೇಳಿ

ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆ ಮಕ್ಕಳಿಗೆ ಕೆಮಿಸ್ಟ್ರಿ ತಲೆಗೆ ಹತ್ತಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ. ಮನೆಯಲ್ಲಿ ತೋಟದ ಗಿಡಗಳಿಗೆ ಶಿಲೀಂಧ್ರ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವುದನ್ನು ನೋಡುತ್ತಲೇ ಬೆಳೆದವರು ಇವರಲ್ಲಿ ಎಷ್ಟು ಜನ! 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಲವಣ, ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಲೆಕ್ಕ ಬಾಯಲ್ಲೇ ಇರುತ್ತದೆ. ಅದೇ ಮಕ್ಕಳು ಕ್ಲಾಸಿನಲ್ಲಿ ರೆಡಾಕ್ಸ್ (ಒಂದು ವಸ್ತು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಇನ್ನೊಂದು ಪಡೆಯುವ ಕ್ರಿಯೆ) ಅಂದ ಕೂಡಲೇ ತಲೆ ತಗ್ಗಿಸುತ್ತಾರೆ. ಬೋರ್ಡ್ ತುಂಬ ಬರೆದದ್ದನ್ನು ಸುಮ್ನೆ ನೋಟ್ಸಿಗೆ ಇಳಿಸಿಕೊಂಡರೆ ಇನ್ನೇನಾಗುತ್ತದೆ?

ಫಸ್ಟ್ ಪಿಯುನಲ್ಲಿ ನಾನು ಈ ಪಾಠ ಶುರು ಮಾಡುವುದು ಒಂದು ಪ್ಲಾಸ್ಟಿಕ್ ಮಗ್, ಒಂದು ಕಬ್ಬಿಣದ ಚಾಕು ಇಟ್ಟುಕೊಂಡು. ಮಗ್‌ನಲ್ಲಿ ಮೈಲುತುತ್ತದ ನೀಲಿ ನೀರು. ಚಾಕು ಅದ್ದುವ ಮೊದಲು ಏನಾಗುತ್ತದೆ ಅಂತ ಪ್ರತಿಯೊಬ್ಬರೂ ಬರೆದಿಡಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಬೇಕು. ಸ್ವಲ್ಪ ಹೊತ್ತಿಗೆ ಅಲಗು ಕೆಂಪಗಾಗುತ್ತದೆ.

"ತುಕ್ಕು ಸಾರ್!"

"ಇಷ್ಟು ಬೇಗ ತುಕ್ಕು ಹಿಡಿಯುತ್ತೇನೋ?" ಅಂತ ಹಿಂದಿನ ಬೆಂಚಿನ ಹುಡುಗಿ. ಆಗ ತೋಟದ ಮನೆಯ ಹುಡುಗನೊಬ್ಬ ಬಾಯಿ ಬಿಡುತ್ತಾನೆ: "ನಮ್ಮಪ್ಪನೂ ಬೋರ್ಡೋ ಕಲಸಿದ ಮೇಲೆ ಹಿಂಗೇ ಚಾಕು ಅದ್ದಿ ನೋಡ್ತಾರೆ ಸಾರ್. ಕೆಂಪಾದ್ರೆ ಇನ್ನಷ್ಟು ಸುಣ್ಣ ಹಾಕ್ತಾರೆ."

ಸುಣ್ಣ ಯಾಕೆ? ಈ ಒಂದು ಪ್ರಶ್ನೆ ಸಾಕು, ಕ್ಲಾಸು ತಾನಾಗಿ ಓಡುತ್ತದೆ. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗಿಳಿಯಿತು, ತಾಮ್ರ ಅದನ್ನು ಪಡೆದು ಅಲಗಿಗೆ ಅಂಟಿತು. ಸುಣ್ಣ ಸಾಕಷ್ಟಿದ್ದರೆ ತಾಮ್ರ ಆಗಲೇ ನೀರಿನಲ್ಲಿ ಕರಗದ ರೂಪಕ್ಕೆ ಬಂದಿರುತ್ತದೆ, ಚಾಕುವಿಗೆ ಹತ್ತುವುದಿಲ್ಲ. ಕರಗಿದ ತಾಮ್ರ ಜಾಸ್ತಿ ಉಳಿದರೆ ಎಲೆ ಸುಡುತ್ತದೆ, ಅಪ್ಪನಿಗೆ ಆ ಭಯ. ಇದನ್ನೆಲ್ಲ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಂಡು ಬಿಡಿಸುತ್ತಾರೆ. ದಾರಿ ತಪ್ಪಿದಾಗ ಮಾತ್ರ ನಾನು ಬಾಯಿ ಹಾಕುತ್ತೇನೆ.

"ಹೀಗೆಲ್ಲ ಮಾಡಿದರೆ ಸಿಲಬಸ್ ಮುಗಿಯಲ್ಲ, ಸಿಇಟಿ ಯಾರು ಬರೀತಾರೆ?" ಅನ್ನುವ ಮಾತು ಸ್ಟಾಫ್ ರೂಮುಗಳಲ್ಲಿ ಇದ್ದೇ ಇದೆ. ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಕಾಲೇಜುಗಳ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಪಾಠ ಕೇಳುವ ಕ್ಲಾಸುಗಳಲ್ಲಿ ಫೇಲಾದವರು ಸುಮಾರು ಶೇ 34. ಮಕ್ಕಳೇ ಯೋಚಿಸಿ, ಮಾತಾಡಿ ಕಲಿಯುವ ಕ್ಲಾಸುಗಳಲ್ಲಿ ಶೇ 22. ಸಿಲಬಸ್ ಮುಗಿಸುವುದು ನಮ್ಮ ಕೆಲಸ ನಿಜ. ಆದರೆ ಮುಗಿದದ್ದು ಯಾರಿಗೆ, ಮೇಷ್ಟ್ರಿಗಾ, ಮಕ್ಕಳಿಗಾ?

ಎಲ್ಲ ಪಾಠಕ್ಕೂ ಚಾಕು, ಮಗ್ ಸಿಗಲ್ಲ, ಒಪ್ಪುತ್ತೇನೆ. ಪ್ರಶ್ನೆ ಸಿಗುತ್ತದಲ್ವಾ? ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ ಅಂತ ನಾಳೆ ಕೇಳಿ ನೋಡಿ. ಗಾಳಿ ಅನ್ನುವವರು, ಹೈಡ್ರೋಜನ್ ಅನ್ನುವವರು ಇದ್ದೇ ಇರುತ್ತಾರೆ. ಆವಿ ಅಂತ ನೀವು ಮಾತ್ರ ತಕ್ಷಣ ಹೇಳಬೇಡಿ.

ಚಾಕುವಿನ ಪ್ರಯೋಗ ಮಾಡುವ ಮೇಷ್ಟ್ರುಗಳಿಗೆ ಒಂದು ಮಾತು: ಮೈಲುತುತ್ತ ವಿಷ. ಪ್ರಯೋಗಕ್ಕೆ ಒಂದು ಚಿಟಿಕೆ ಹಾಕಿದರೆ ಸಾಕು. ಆಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ, ಆ ಮಗ್, ಆ ಚಾಕು ಮತ್ತೆ ಅಡುಗೆಮನೆಗೆ ಹೋಗದಿರಲಿ.