249 ಗ್ರಾಂ ಅಷ್ಟೇ ಅಲ್ವಾ ಸಾರ್, ಏನಾಗುತ್ತೆ!

ಒಂದು ತೇರಿನ ವಿಡಿಯೋ ಈಗಷ್ಟೇ ನೋಡಿದೆ. ಊರಿನ ಹೆಸರು ಬೇಡ ಬಿಡಿ, ಕಮಿಟಿಯವರಲ್ಲಿ ನಾಲ್ಕು ಜನ ಈ ಗೋಡೆ ಮೇಲೂ ಇದ್ದೀರಿ. ಕಳಸದಿಂದ ಹತ್ತಡಿ ದೂರದಲ್ಲಿ ಒಂದು ಮಿನಿ ಡ್ರೋನ್ (ಡಿಜೆಐ ಕಂಪನಿಯ 249 ಗ್ರಾಮಿನ ಪುಟ್ಟ ಡ್ರೋನ್) ನಿಂತಿದೆ. ಕೆಳಗೆ ಹಗ್ಗ ಹಿಡಿದವರು, ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡವರು, ಎಳ್ಳು ಹಾಕಿದ್ರೂ ನೆಲಕ್ಕೆ ಬೀಳದಷ್ಟು ಜನ. ಎಲ್ಲರ ಕೈಯಲ್ಲೂ ದವನ ಸಿಕ್ಕಿಸಿದ ಬಾಳೆಹಣ್ಣು. ಎಸೆಯೋದು ಎಲ್ಲಿಗೆ? ಕಳಸಕ್ಕೆ. ಡ್ರೋನ್ ನಿಂತಿರೋದು ಎಲ್ಲಿ? ಕಳಸದ ಪಕ್ಕ. ತೇರು ಹೊರಡುವಾಗ ಮೇಲೆ ಗರುಡ ಪ್ರದಕ್ಷಿಣೆ ಹಾಕುತ್ತೆ ಅಂತಾರೆ. ಪಾಪ, ಅದಕ್ಕೂ ಜಾಗ ಬಿಟ್ಟಿಲ್ಲ.

ಕೆಳಗೆ ಯಾರೋ ಪುಣ್ಯಾತ್ಮರು ಕೇಳಿದ್ದಾರೆ, "ಇದು ಜನರ ಮೇಲೆ ಬಿದ್ರೆ?" ಅಂತ. ಉತ್ತರ: "249 ಗ್ರಾಂ ಅಷ್ಟೇ ಸಾರ್, ರೂಲ್ಸೇ ಇಲ್ಲ, ಏನೂ ಆಗಲ್ಲ." ಜೊತೆಗೆ ಕೈಮುಗಿಯೋ ಎಮೋಜಿ, ನಲವತ್ತು ಲೈಕು.

ಈ ಉತ್ತರ ಕೇಳಿ ಕೇಳಿ ತಲೆ ಕೆಟ್ಟಿದೆ. ನನ್ನ ಟೇಬಲ್ ಮೇಲೆ ರಿಪೇರಿಗೆ ಬಿಚ್ಚಿಟ್ಟ ಮಿನಿಗಳ ರಾಶಿ ನೋಡಿದವರಿಗೆ ಯಾಕೆ ಅಂತ ಗೊತ್ತು. ಆದ್ದರಿಂದ ಇವತ್ತು ಪೂರ್ತಿ ಬರೀತೀನಿ. ಬೇಜಾರಾದವರು ಅನ್‌ಫ್ರೆಂಡ್ ಮಾಡ್ಕೊಳ್ಳಿ, ಬಟನ್ ಅಲ್ಲೇ ಇದೆ.

ಮೊದಲು, ಇದರ ಕೆಳಗಿದ್ದರೆ ಕಾನೂನು ಸಡಿಲ ಅನ್ನೋ ಈ 250 ಗ್ರಾಂ ಗೆರೆ ಎಲ್ಲಿಂದ ಬಂತು ನೋಡಿ. 2015ರ ನವೆಂಬರ್‌ನಲ್ಲಿ ಅಮೆರಿಕದ ವಿಮಾನಯಾನ ಆಡಳಿತದ ಕಾರ್ಯಪಡೆಯೊಂದು ಯಾವ ಡ್ರೋನ್‌ಗೆ ನೋಂದಣಿ ಬೇಕು, ಯಾವುದಕ್ಕೆ ಬೇಡ ಅಂತ ತೀರ್ಮಾನಿಸೋಕೆ ಕೂತಿತ್ತು. ಅವರು ಹಿಡಿದ ಲೆಕ್ಕ ಇದು: 80 ಜೂಲ್ ಶಕ್ತಿಯ ವಸ್ತು ತಲೆಗೆ ಬಡಿದರೆ ಸಾಯುವ ಸಾಧ್ಯತೆ ಶೇ. 30. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬೀಳುವ 250 ಗ್ರಾಂ ವಸ್ತುವಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತೆ. ಜೊತೆಗೆ, ಬಿದ್ದದ್ದು ಯಾರದೋ ತಲೆಗೇ ಬೀಳುವ ಸಂಭವ ತೀರಾ ಕಮ್ಮಿ, ಹಾಗಾಗಿ ಇದಕ್ಕಿಂತ ಹಗುರವಾದದ್ದಕ್ಕೆ ನೋಂದಣಿ ಬೇಡ ಅಂದರು. ಅಂದರೆ ಆ ಗೆರೆ ಎಳೆದವರೇ 250 ಗ್ರಾಂ ನಿರಪಾಯ ಅಂತ ಹೇಳಿಲ್ಲ. ತಲೆಗೆ ತಾಗೋದು ಅಪರೂಪ ಅಂತ ನಂಬಿ ಬಿಟ್ಟರು. ತೇರಿನ ಬೀದಿಯಲ್ಲಿ ಅದೇ ತಿರುಗಾಮುರುಗಾ. ಅಲ್ಲಿ ಬಿದ್ದರೆ ತಲೆ ತಪ್ಪೋದೇ ಅಪರೂಪ.

ಜೂಲ್ ಗೀಲ್ ಅಂದ್ರೆ ಅರ್ಥ ಆಗಲ್ಲ ಅನ್ನೋರಿಗೆ: 30 ಮೀಟರ್ ಎತ್ತರದಿಂದ 249 ಗ್ರಾಂ ಡ್ರೋನ್ ಸತ್ತು ಬಿದ್ದರೆ, ಗಾಳಿಯ ತಡೆ ಕಳೆದರೂ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಇರುತ್ತೆ. ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಬಂದ ಲೆದರ್ ಕ್ರಿಕೆಟ್ ಚೆಂಡಿಗಿರೋ ಶಕ್ತಿಯೂ ಅಷ್ಟೇ. ಹೆಲ್ಮೆಟ್ ಇಲ್ಲದೆ, ಮೇಲೆ ನೋಡದೆ, ದೇವರ ಕಡೆ ಕೈ ಮುಗಿದು ನಿಂತವರ ನೆತ್ತಿಗೆ. ಚೆಂಡು ದುಂಡಗಾದರೂ ಇರುತ್ತೆ. ಇದಕ್ಕೆ ನಾಲ್ಕು ತೋಳು, ಮೇಲಿಂದ ತಿರುಗ್ತಾ ಇರೋ ಬ್ಲೇಡುಗಳು.

ಇನ್ನು "ರೂಲ್ಸೇ ಇಲ್ಲ" ಅನ್ನೋ ಪಂಡಿತರು. 2021ರ ಆಗಸ್ಟ್ 25ರಂದು ಬಂದ ನಮ್ಮ ದೇಶದ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ. ನ್ಯಾನೊಗೆ ಪೈಲಟ್ ಸರ್ಟಿಫಿಕೇಟ್ ಬೇಡ, ಆ ಮಾಡೆಲ್‌ಗೆ ಪಡೆಯೋ ಟೈಪ್ ಸರ್ಟಿಫಿಕೇಟ್ ಬೇಡ, ಮೂರನೇ ವ್ಯಕ್ತಿಯ ವಿಮೆ ಬೇಡ. ನಿಜ. ಆದರೆ ಕೇಂದ್ರದ ಅನುಮತಿ ಇಲ್ಲದೆ ಹಾರಿಸಬಾರದ ಕೆಂಪು ವಲಯ ನ್ಯಾನೊಗೂ ಕೆಂಪೇ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ 200 ಅಡಿ ದಾಟೋ ಹಾಗಿಲ್ಲ, ಹಸಿರು ವಲಯದ ಉಳಿದ ಕಡೆ 400 ಅಡಿ. ಬೆಂಗಳೂರಲ್ಲಂತೂ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ನಾಲ್ಕೂ ಸೇರಿ ನಗರದ ಅದೆಷ್ಟೋ ಭಾಗಕ್ಕೆ ಬಣ್ಣ ಬಳಿದಿವೆ. ಈ ವಲಯಗಳನ್ನ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಒಮ್ಮೆ ತೆಗೆದು ನೋಡಿ. ಜನರ ಸುರಕ್ಷತೆಗೆ ಅಪಾಯವಾಗುವಂತೆ ಹಾರಿಸಬಾರದು ಅನ್ನೋದಕ್ಕೂ ತೂಕದ ವಿನಾಯಿತಿ ಇಲ್ಲ. ಯಾರಿಗಾದರೂ ಪೆಟ್ಟಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದರೆ ಮೂರು ವರ್ಷದವರೆಗೆ ಜೈಲು. ಅಲ್ಲಿ ತಕ್ಕಡಿ ತರಲ್ಲ.

ತಕ್ಕಡಿ ಅಂದ್ಮೇಲೆ ನೆನಪಾಯ್ತು. ನಿಮ್ಮ 249ನ್ನು ಯಾವಾಗಾದ್ರೂ ಅಡುಗೆಮನೆ ತಕ್ಕಡಿ ಮೇಲೆ ಇಟ್ಟಿದ್ದೀರಾ? ಮಿನಿ 3 ಪ್ರೋ ಜೊತೆ ಬರೋ ಬ್ಯಾಟರಿ 80.5 ಗ್ರಾಂ. "ಜಾಸ್ತಿ ಹೊತ್ತು ಹಾರುತ್ತೆ" ಅಂತ ಕೊಂಡ ಪ್ಲಸ್ ಬ್ಯಾಟರಿ 121 ಗ್ರಾಂ. ಅಲ್ಲಿಗೆ 290. ನೀವೀಗ ಮೈಕ್ರೊ. ಮೈಕ್ರೊವನ್ನ ಹವ್ಯಾಸಕ್ಕೆ ಹಾರಿಸಿದರೆ ಪೈಲಟ್ ಸರ್ಟಿಫಿಕೇಟ್ ಬೇಡ, ದುಡ್ಡಿಗೆ ಹಾರಿಸಿದರೆ ಬೇಕು. ವಿಮೆ ಎರಡಕ್ಕೂ ಬೇಕು. ಮದುವೆಗೆ, ತೇರಿಗೆ ಬಾಡಿಗೆಗೆ ಹೋಗೋ ಎಷ್ಟು ಜನ ಪ್ಲಸ್ ಬ್ಯಾಟರಿ ಹಾಕ್ಕೊಂಡು "ನ್ಯಾನೊ ಸಾರ್" ಅಂತಿದ್ದೀರಿ, ಎದೆ ಮುಟ್ಟಿ ಹೇಳಿ. ಪ್ರೊಪೆಲ್ಲರ್ ಗಾರ್ಡ್ ಹಾಕಿದರೂ 250 ದಾಟುತ್ತೆ. ಅಂದರೆ ಬೆರಳು ಕತ್ತರಿಸದಂತೆ ಮಾಡಿಕೊಂಡ ಡ್ರೋನ್‌ಗೆ ಕಾನೂನು ಜಾಸ್ತಿ, ಬರೀ ಬ್ಲೇಡಿನದಕ್ಕೆ ಕಮ್ಮಿ. ಈ ಮೂರ್ಖತನಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಗಾರ್ಡ್ ಇದ್ದಾಗ ಗಾಳಿಗೆ ಒಡ್ಡುವ ಮೈ ಜಾಸ್ತಿಯಾಗಿ ಡ್ರೋನ್ ಬೇಗ ತೇಲಿ ಹೋಗುತ್ತೆ ಅನ್ನೋದನ್ನೂ ಸೇರಿಸಿಕೊಳ್ಳಿ.

"ಆದ್ರೆ ಬೀಳೋದ್ಯಾಕೆ ಸಾರ್, ಜಿಪಿಎಸ್ ಇದೆಯಲ್ಲ?" ಬೀಳೋಕೆ ಕಾರಣ ಒಂದಾ ಎರಡಾ. ನಾಲ್ಕು ಮೋಟರ್‌ನಲ್ಲಿ ಒಂದು ನಿಂತರೆ ಉಳಿದ ಮೂರು ಅದನ್ನ ಹೊತ್ತು ತರಲ್ಲ, ಗಿರಗಿರ ತಿರುಗಿ ಬೀಳುತ್ತೆ. ಜಿಪಿಎಸ್ ಎಲ್ಲಿದ್ದೀವಿ ಅಂತ ಹೇಳುತ್ತೆ, ಎತ್ತಿ ಹಿಡಿಯಲ್ಲ.

ನನ್ನ ಕೈಗೆ ಬರುವುದರಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯ ಕಾಣೋದು ಬ್ಯಾಟರಿಯಲ್ಲಿ. ಪೂರ್ತಿ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಬ್ಯಾಗಲ್ಲಿ ಬಿಡ್ತಾರೆ. ಇಲ್ಲ ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ. ಇಳಿದ ತಕ್ಷಣ ಬಿಸಿಬಿಸಿ ಇರುವಾಗಲೇ ಮತ್ತೆ ಚಾರ್ಜಿಗೆ. ಸೆಲ್ ಒಳಗೆ ಅನಿಲ ತುಂಬಿ ಉಬ್ಬುತ್ತೆ. ಉಬ್ಬಿದ ಬ್ಯಾಟರಿ ಒಳಗೆ ಪೂರ್ತಿ ಕೂರಲ್ಲ, ಹಿಂದಿನ ಲಾಕ್ ಅರ್ಧ ಹಿಡಿದಿರುತ್ತೆ. ನೆಲದ ಮೇಲೆ ಎಲ್ಲ ಸರಿ. ಮೇಲೆ ಹೋಗಿ ಒಂದು ಜೋರು ಬ್ರೇಕ್ ಹಾಕಿದಾಗ ಬ್ಯಾಟರಿ ಒಂದು ಮಿಲಿಮೀಟರ್ ಸರಿದರೆ ಸಾಕು, ಕರೆಂಟ್ ಹೋಯ್ತು. ಆಗ ಅದು ಡ್ರೋನ್ ಅಲ್ಲ, ಕಲ್ಲು. ಪರೀಕ್ಷೆ ಸುಲಭ: ಬ್ಯಾಟರಿಯನ್ನ ಸಮತಟ್ಟಾದ ಗಾಜಿನ ಮೇಲಿಟ್ಟು ಬೆರಳಲ್ಲಿ ತಿರುಗಿಸಿ. ಗಿರ್ರಂತ ತಿರುಗಿದರೆ ಹೊಟ್ಟೆ ಬಂದಿದೆ, ಎಸೆಯಿರಿ, ಅದೂ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯಕ್ಕೆ. ವಾರಗಟ್ಟಲೆ ಇಡುವುದಾದರೆ ಶೇ. 60ರ ಆಸುಪಾಸಿನಲ್ಲಿಡಿ, ಅಂದರೆ ಸೆಲ್‌ಗೆ ಸುಮಾರು 3.85 ವೋಲ್ಟ್. ಹಾರಿಸಿ ಇಳಿದ ಮೇಲೆ ಕೈಗೆ ತಣ್ಣಗೆ ಅನ್ನಿಸೋವರೆಗೆ ಚಾರ್ಜರ್ ಮುಟ್ಟಬೇಡಿ. ಹಾಕುವಾಗ ಲಾಕ್ ಕ್ಲಿಕ್ ಅಂದದ್ದು ಕಿವಿಗೆ ಕೇಳಬೇಕು, ತೇರಿನ ಡೊಳ್ಳಿನ ಸದ್ದಲ್ಲಿ ಕೇಳಲ್ಲ, ಅದಕ್ಕೇ ಉಗುರಲ್ಲಿ ಎಳೆದು ನೋಡಿ.

ಪ್ರೊಪೆಲ್ಲರ್ ಕಥೆ ಬೇರೆ. ಮಿನಿಯಲ್ಲಿ ಒಂದು ಮೋಟರ್‌ಗೆ ಎರಡು ಬ್ಲೇಡ್, ಪುಟ್ಟ ಸ್ಕ್ರೂ. ಒಂದು ಮುರಿದರೆ ಎರಡನ್ನೂ ಬದಲಿಸಬೇಕು, ಒಂದೇ ಪ್ಯಾಕೆಟ್ಟಿನ ಜೋಡಿಯನ್ನೇ ಹಾಕಬೇಕು, ಸ್ಕ್ರೂ ಕೂಡ ಹೊಸದು. ಹಳೆ ಸ್ಕ್ರೂ ಮತ್ತೆ ತಿರುಗಿಸಿದರೆ ಎಳೆ ಸವೆದು ಸಡಿಲವಾಗುತ್ತೆ. ಗುರುತಿನ ಬ್ಲೇಡ್ ಗುರುತಿನ ತೋಳಿಗೆ, ಗುರುತಿಲ್ಲದ್ದು ಗುರುತಿಲ್ಲದ್ದಕ್ಕೆ. ಅದಲು ಬದಲಾದರೆ ಏಳೋದೇ ಇಲ್ಲ, ಅಲ್ಲೇ ಮಗುಚುತ್ತೆ. ನೋಡಬೇಕಾದ್ದು ಬ್ಲೇಡಿನ ತುದಿಯನ್ನಲ್ಲ, ಬುಡವನ್ನ. ಸ್ಕ್ರೂ ಸುತ್ತ ಕೂದಲೆಳೆಯಂಥ ಬಿರುಕು ಬಿಸಿಲಿಗೆ ಹಿಡಿದು ಸ್ವಲ್ಪ ಬಗ್ಗಿಸಿದಾಗ ಮಾತ್ರ ಕಾಣುತ್ತೆ. ಬೀಳೋದು ಅಲ್ಲಿಂದಲೇ.

ಈಗ ನನ್ನ ಪಿತ್ತ ನೆತ್ತಿಗೇರೋ ಜಾಗ. ಹೋಮ್ ಬಟನ್. "ಏನಾದ್ರೂ ಆದ್ರೆ ರಿಟರ್ನ್ ಟು ಹೋಮ್ ಒತ್ತಿದ್ರಾಯ್ತು." ಆ ಬಟನ್ ಏನು ಮಾಡುತ್ತೆ ಅಂತ ಮ್ಯಾನುಯಲ್ ಓದಿದವರು ಕೈ ಎತ್ತಿ. ಮ್ಯಾವಿಕ್ ಮಿನಿಯಂಥ ಮಾಡೆಲ್‌ಗಳಲ್ಲಿ ಹೋಮ್ ಪಾಯಿಂಟ್‌ನಿಂದ (ಏರಿಸಿದ ಜಾಗ ಅಂತ ಡ್ರೋನ್ ದಾಖಲಿಸಿಕೊಂಡದ್ದು) 20 ಮೀಟರ್ ಒಳಗಿದ್ದಾಗ ಒತ್ತಿದರೆ ಅದು ನಿಮ್ಮ ಹತ್ತಿರ ಬರಲ್ಲ, ಇದ್ದಲ್ಲೇ ಇಳಿಯುತ್ತೆ. ಕೆಳಗೆ ಯಾರಿದ್ದರೂ. 20 ಮೀಟರ್ ಆಚೆ ಇದ್ದರೆ ಮೊದಲು ನೀವು ಸೆಟ್ ಮಾಡಿದ ಎತ್ತರಕ್ಕೆ ಏರಿ, ಆಮೇಲೆ ನೇರ ಗೆರೆ ಹಿಡಿದು ಬರುತ್ತೆ. ದಾರಿಯಲ್ಲಿ ಮೊಬೈಲ್ ಟವರ್ ಇದ್ದರೆ ಟವರ್‌ಗೆ. ಎತ್ತರ ಎಷ್ಟಿಟ್ಟಿದ್ದೀರಿ ಅಂತ ಕೇಳಿದರೆ "ಡೀಫಾಲ್ಟ್" ಅಂತಾರೆ. ಸುತ್ತಲಿನ ಅತಿ ಎತ್ತರದ ವಸ್ತುವಿಗಿಂತ ಹತ್ತು ಹದಿನೈದು ಮೀಟರ್ ಜಾಸ್ತಿ ಇಡಿ, ಜಾಗ ಬದಲಾದಾಗಲೆಲ್ಲ ಬದಲಿಸಿ. ಇನ್ನು ಉಪಗ್ರಹಗಳು ಸಿಗೋ ಮುಂಚೆ ಅವಸರಕ್ಕೆ ಏರಿಸಿದರೆ ಹೋಮ್ ಪಾಯಿಂಟ್ ದಾಖಲಾಗೋದು ಆಮೇಲೆ ಸಿಗ್ನಲ್ ಸಿಕ್ಕ ಕಡೆ, ಜನರ ನಡುಮಧ್ಯೆ. "ಹೋಮ್ ಪಾಯಿಂಟ್ ಅಪ್‌ಡೇಟೆಡ್" ಅಂತ ಆಪ್ ಹೇಳೋವರೆಗೆ ಕಾಯೋಕೆ ಆಗಲ್ವಾ? ತಾಳ್ಮೆ ಇಲ್ಲದವರು ಗಾಳಿಪಟ ಹಾರಿಸಿ.

ಕಾರಿನ ಬಾನೆಟ್ ಮೇಲಿಂದ, ಕಂಬಿ ತುಂಬಿದ ಆರ್‌ಸಿಸಿ ತಾರಸಿಯಿಂದ ಏರಿಸೋದೂ ಬೇಡ. ಕಬ್ಬಿಣ ದಿಕ್ಸೂಚಿಯನ್ನ ದಾರಿ ತಪ್ಪಿಸುತ್ತೆ, ಡ್ರೋನ್ ಮೇಲೆ ಹೋಗಿ ವೃತ್ತ ಹಾಕೋಕೆ ಶುರು ಮಾಡುತ್ತೆ, ವೃತ್ತ ದೊಡ್ಡದಾಗ್ತಾ ಹೋಗುತ್ತೆ.

ನಿಮ್ಮ ವಾದವೂ ಗೊತ್ತು. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನ್‌ಗಳ ಆಮದು ನಿಷೇಧ, ಸರಿಯಾದ ಬಿಲ್ಲಿಗೆ ಹೊಸದು ಸಿಗಲ್ಲ, ಇಲ್ಲಿಯದರಲ್ಲಿ ಆ ಬೆಲೆಗೆ ಆ ಕ್ಯಾಮೆರಾ ಇಲ್ಲ, ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕೆ ಹೋದರೆ ತಲೆ ಚಿಟ್ಟು ಹಿಡಿಯುತ್ತೆ, ಹವ್ಯಾಸಿ ಏನು ಮಾಡಬೇಕು? ಒಪ್ಪಿದೆ. ಇದರ ಬಗ್ಗೆ ನಿಮಗಿಂತ ಜಾಸ್ತಿ ನಾನೇ ಬೈದಿದ್ದೀನಿ. ಆದರೆ ಸರ್ಕಾರದ ಮೇಲಿನ ಸಿಟ್ಟನ್ನ ಹಗ್ಗ ಎಳೆಯೋರ ತಲೆ ಮೇಲೆ ಯಾಕೆ ಹಾರಿಸ್ತೀರಿ? ಬ್ಯಾಟರಿ ಲಾಕ್ ಬಿಡುವಾಗ ಗೆಜೆಟ್ ಓದಿರಲ್ಲ.

ತೇರು ಶೂಟ್ ಮಾಡಲೇಬೇಡಿ ಅಂತ ಹೇಳ್ತಿಲ್ಲ. ಮೇಲಿಂದ ತೇರಿನಷ್ಟು ಚೆಂದ ಕಾಣೋದು ನಮ್ಮ ನಾಡಲ್ಲಿ ಕಮ್ಮಿ, ಅಂಥ ಶಾಟ್ ನೋಡಿದರೆ ನಾನೂ ಕರಗಿ ಹೋಗ್ತೀನಿ. ಪೊಲೀಸರ ಒಪ್ಪಿಗೆ ತಗೊಂಡು, ಪಕ್ಕದಿಂದ ತೆಗೀರಿ. ಎಷ್ಟು ಎತ್ತರವೋ ಜನರ ಅಂಚಿನಿಂದ ಕನಿಷ್ಠ ಅಷ್ಟು ದೂರ. ಯಾಕೆ ಅಂದ್ರೆ, 30 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗ್ತಿರೋ ಡ್ರೋನ್ ಸತ್ತರೆ ನೆಲಕ್ಕೆ ಬರೋಕೆ ಎರಡೂವರೆ ಸೆಕೆಂಡ್ ಮೇಲೆ ಬೇಕು. ಅಷ್ಟರಲ್ಲಿ ಅದು ಇಪ್ಪತ್ತು ಇಪ್ಪತ್ತೈದು ಮೀಟರ್ ಮುಂದೆ ಹೋಗಿರುತ್ತೆ. ಅತಿ ವೇಗದ ಸ್ಪೋರ್ಟ್ ಮೋಡ್ ಅಂತೂ ಮರೆತುಬಿಡಿ. ಗಾಳಿ ಜನರ ಕಡೆಯಿಂದ ನಿಮ್ಮ ಕಡೆ ಬೀಸೋ ಪಕ್ಕ ಆರಿಸಿ, ತಪ್ಪಿಸಿಕೊಂಡರೂ ಆಚೆಗೇ ತೇಲಲಿ. ಮಿನಿ 3 ಪ್ರೋ, ಮಿನಿ 4 ಪ್ರೋ ತಡೆಯೋ ಗಾಳಿ ಸೆಕೆಂಡಿಗೆ 10.7 ಮೀಟರ್ ಅಂತ ಕಂಪನಿ ಬರೆದಿರುತ್ತೆ. ಕೆಳಗೆ ಬಾವುಟ ಸುಮ್ಮನೆ ಆಡ್ತಿದ್ದರೂ ಮೇಲೆ ಅಷ್ಟಿರಬಹುದು, ಗೋಪುರದ ಪಕ್ಕ ಸುಳಿ ಬೇರೆ. ಹದ್ದು ಮೇಲೆ ಸುತ್ತಿದರೆ ಕೆಳಗೆ ಓಡಿಸಬೇಡಿ, ನೇರ ಮೇಲಕ್ಕೆ ಏರಿಸಿ. ಅದು ಮೇಲಿಂದ ಎರಗುತ್ತೆ, ನೆಟ್ಟಗೆ ಏರೋದು ಅದಕ್ಕೆ ಕಷ್ಟ. ಬ್ಯಾಟರಿ ಶೇ. 30 ಆದ ಕೂಡಲೇ ಡ್ರೋನ್ ಇಳಿಸಿಬಿಡಿ. ತೀರಾ ಕಮ್ಮಿಯಾದಾಗ ತಾನಾಗಿ ಇಳಿಯೋಕೆ ಶುರು ಮಾಡಿದರೂ ರಿಮೋಟ್‌ನ ಸ್ಟಿಕ್ ಕೆಲಸ ಮಾಡ್ತಿರುತ್ತೆ, ಗಾಬರಿ ಬೀಳದೆ ಖಾಲಿ ಜಾಗದ ಕಡೆ ತಳ್ಳಿ.

ಈಗ ಬರೋ ಮೊದಲ ಕಮೆಂಟ್ ಗೊತ್ತು: "ಮಿನಿ 4 ಪ್ರೋಗೆ ಸುತ್ತಲೂ ಸೆನ್ಸರ್ ಇದೆ ಬ್ರೋ." ಇದೆ ಬ್ರೋ. ತೇರಿನ ಬೀದಿಯಲ್ಲಿ ಈ ಕಂಬದಿಂದ ಆ ಕಂಬಕ್ಕೆ ಎಳೆದಿರೋ ಕರೆಂಟ್ ತಂತಿ, ಕೇಬಲ್ ವೈರು, ಸೀರಿಯಲ್ ಲೈಟಿನ ದಾರ ಇವನ್ನೆಲ್ಲ ನಂಬೋ ಹಾಗೆ ನೋಡಲ್ಲ ಆ ಸೆನ್ಸರ್. ಹಗಲಲ್ಲೇ ನೋಡಲ್ಲ, ರಾತ್ರಿ ಉತ್ಸವದ ವಿಷಯ ಕೇಳಲೇಬೇಡಿ.