ಶೂ ಹಾಕಿಕೊಂಡು ಈಜುವ ಊರು

ಮಗಳ ಈಜು ಪರೀಕ್ಷೆಗೆ ಏನೇನು ತರಬೇಕು ಅಂತ ಒಂದು ಪಟ್ಟಿ ಬಂದಿತ್ತು. ಈಜುಡುಗೆ, ಟವೆಲ್, ಜೊತೆಗೆ ಅಂಗಿ, ಚಡ್ಡಿ, ಶೂ. ನನ್ನ ಡಚ್ ಅಷ್ಟಕ್ಕಷ್ಟೇ. ತಪ್ಪು ಓದಿದೆನೇನೋ ಅಂತ ಪಕ್ಕದ ಮನೆಯವರನ್ನು ಕೇಳಿದೆ. ತಪ್ಪೇನಿಲ್ಲ, ಇಲ್ಲಿ ನೆದರ್ಲೆಂಡ್ಸಿನಲ್ಲಿ ಮಕ್ಕಳು ಬಟ್ಟೆ, ಶೂ ಸಮೇತ ನೀರಿಗೆ ಹಾರಲೇಬೇಕಂತೆ.

ಪರೀಕ್ಷೆಯಲ್ಲಿ ಎ, ಬಿ, ಸಿ ಅಂತ ಮೂರು ಡಿಪ್ಲೊಮಾ. ಎ ಬೇಕಾದರೆ ಬಟ್ಟೆಯಲ್ಲೇ ಹಾರಿ, ಹದಿನೈದು ಸೆಕೆಂಡ್ ನಿಂತಲ್ಲೇ ಕೈಕಾಲು ಆಡಿಸುತ್ತಾ ತೇಲಬೇಕು. ಆಮೇಲೆ ಸ್ವಲ್ಪ ದೂರ ಹೊಟ್ಟೆಯ ಮೇಲೆ, ಸ್ವಲ್ಪ ದೂರ ಬೆನ್ನ ಮೇಲೆ ಈಜಿ, ಯಾರ ಕೈಯನ್ನೂ ಹಿಡಿಯದೆ ದಡ ಹತ್ತಬೇಕು. ನೀರೊಳಗೆ ಇಳಿಬಿಟ್ಟ ಪರದೆಯಲ್ಲಿ ಒಂದು ತೂತು ಇರುತ್ತದೆ. ಮುಳುಗಿ ಹೋಗಿ ಅದರಲ್ಲಿ ತೂರಬೇಕು. ಎ ಡಿಪ್ಲೊಮಾಕ್ಕೆ 3 ಮೀಟರ್, ಬಿಗೆ 6, ಸಿಗೆ 9. ಸಿ ಹೊತ್ತಿಗೆ ಮೈಮೇಲೆ ಮಳೆ ಜಾಕೆಟ್ಟೂ ಬಂದಿರುತ್ತದೆ. ಯಾರು ಮೊದಲು ಬಂದರು ಅಂತ ಯಾರೂ ಕೇಳುವುದಿಲ್ಲ. ಅವತ್ತು ದಡದಲ್ಲಿ ನಿಂತು ಫೋಟೋ ತೆಗೆಯುತ್ತಿದ್ದ ಅಪ್ಪಂದಿರಲ್ಲಿ ಈಜು ಬಾರದವನು ಬಹುಶಃ ನಾನೊಬ್ಬನೇ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಮನೆ ಬಾಗಿಲು ತೆಗೆದರೆ ಕಾಲುವೆ. ದೇಶದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಸೈಕಲ್ ಜಾರಿ ನೀರಿಗೆ ಬೀಳುವ ಮಗು ಈಜುಡುಗೆ ಹಾಕಿಕೊಂಡು ಬೀಳುತ್ತದೆಯೇ? ಒದ್ದೆ ಬಟ್ಟೆ, ನೀರು ತುಂಬಿದ ಶೂ ಎಷ್ಟು ಭಾರ ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಸೈಕಲ್ ಅಂದಾಗ ನೆನಪಾಯಿತು, ಇಲ್ಲಿನ ಹಳೆಯ ಝೌಡರ್‌ಬಾಡ್ ಈಜುಕೊಳದ ಕಟ್ಟಡ ಮೊದಲು ಸೈಕಲ್ ಕಲಿಸುವ ಶಾಲೆಯಾಗಿತ್ತು. 1912ರಲ್ಲಿ ಈಜುಕೊಳವಾಯಿತು. ಈ ಊರಲ್ಲಿ ಬದುಕಲು ಬೇಕಾದ ಎರಡು ವಿದ್ಯೆಯೂ ಒಂದೇ ಸೂರಿನಡಿ!

ಇನ್ನು ನಮ್ಮ ಬೆಂಗಳೂರು. ಅಲ್ಲಿ ಈಜುಕೊಳ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಹಲಸೂರು, ಜಯನಗರ, ಬಸವನಗುಡಿ, ಸದಾಶಿವನಗರ, ಎಲ್ಲ ಕಡೆ ಇದೆ. ನಿಶಾ ಮಿಲೆಟ್ 2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಹೋದರು. ಶ್ರೀಹರಿ ನಟರಾಜ್ ಟೋಕಿಯೋಗೆ, ಧಿನಿಧಿ ದೇಸಿಂಗು 14ನೇ ವಯಸ್ಸಿಗೇ ಪ್ಯಾರಿಸ್ಸಿಗೆ. ಎಲ್ಲರೂ ಬೆಂಗಳೂರಿನವರೇ. ನನಗೂ ಹೆಮ್ಮೆಯೇ. ಆದರೆ ನಮ್ಮಲ್ಲಿ ಈಜು ಅಂದರೆ ಒಂದೋ ಮೆಡಲ್, ಇಲ್ಲವೇ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ಕಾಣುವ ನೀಲಿ ಚೌಕ. ನಡುವಿನದ್ದು ಬೇಸಿಗೆ ರಜೆಯ 21 ದಿನದ ಕ್ಯಾಂಪು. ಅಲ್ಲೂ ಮೊದಲ ವಾರದಿಂದಲೇ ಫ್ರೀಸ್ಟೈಲ್. ಕೈ ಹೀಗೆ, ಉಸಿರು ಹಾಗೆ ಅಂತ ಸೀಟಿ. ತೇಲುವುದನ್ನು ಕಲಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಮೊದಲು ಹೀಗಿರಲಿಲ್ಲ ಅಲ್ವಾ? ನಮ್ಮ ತಾತ ಬಾವಿಯಲ್ಲಿ ಈಜು ಕಲಿತದ್ದು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ದೊಡ್ಡವರು ಮೇಲಿನಿಂದ ತಳ್ಳುತ್ತಿದ್ದರಂತೆ. ಫೋನಿನಲ್ಲಿ ಶೂ ವಿಷಯ ಹೇಳಿದಾಗ ಜೋರಾಗಿ ನಕ್ಕರು. "ಇದೇನು ಹೊಸದೋ? ನಮ್ಮನ್ನೂ ಅಂಗಿ ಚಡ್ಡೀಲೇ ನೂಕ್ತಿದ್ರು" ಅಂದರು. ಹಳ್ಳಿಯ ಬಾವಿಗಳು ಬತ್ತಿದವು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಈಗ ಅಲ್ಲಿ ಕರಗಕ್ಕೆ ಬೇಕಾಗುವಷ್ಟು ಒಂದು ಪುಟ್ಟ ಕೊಳ ಉಳಿದಿದೆ. ಆಟಕ್ಕಾಗಿ ಕೆರೆಯನ್ನೇ ಮುಚ್ಚಿದ ಊರು ನಮ್ಮದು.

ನೀರೇನೋ ಹೋಯಿತು, ಅಪಾಯ ಹೋಗಲಿಲ್ಲ. ಕೃಷಿ ಹೊಂಡಕ್ಕೆ, ಕಲ್ಲು ಕ್ವಾರಿಗೆ ಇಳಿದ ಮಕ್ಕಳು ಮತ್ತೆ ಮೇಲೆ ಬರಲಿಲ್ಲ ಅನ್ನುವ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇನೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಅಂಚು ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ. ಅಲ್ಲಿ ಬೇಕಾಗಿರುವುದು ಫ್ರೀಸ್ಟೈಲ್ ಅಲ್ಲ, ಯಾರಾದರೂ ಬರುವ ತನಕ ಬೆನ್ನ ಮೇಲೆ ತೇಲುವುದು.

ಇಲ್ಲಿ ನೆದರ್ಲೆಂಡ್ಸಿನಲ್ಲಿ ಎಲ್ಲವೂ ಸರಿಯಿದೆ ಅಂತ ಸುಮ್ನೆ ಹೊಗಳುತ್ತಿಲ್ಲ. ಶಾಲೆಯಲ್ಲಿ ಈಜು ಕಡ್ಡಾಯ ಅನ್ನುವ ನಿಯಮವನ್ನು 1985ರಲ್ಲೇ ತೆಗೆದುಹಾಕಿದರು. ಕೆಲವು ಊರುಗಳ ಶಾಲೆಗಳಲ್ಲಿ ಮಾತ್ರ ಈಗಲೂ ಕಲಿಸುತ್ತಾರೆ. ಉಳಿದವರು ಸ್ವಂತ ಖರ್ಚಿನಲ್ಲಿ ಕಲಿಸಬೇಕು. ಡಿಪ್ಲೊಮಾ ಕೈಗೆ ಬರುವಷ್ಟರಲ್ಲಿ ನೂರಾರು ಯೂರೋ ಕರಗಿರುತ್ತದೆ. ಅದೂ ಸರದಿಗೆ ತಿಂಗಳುಗಟ್ಟಲೆ ಕಾದಮೇಲೆ. ಹೊರಗಿನಿಂದ ಬಂದ ಬಡ ಕುಟುಂಬಗಳ ಮಕ್ಕಳೇ ಜಾಸ್ತಿ ಹಿಂದೆ ಬೀಳುತ್ತಾರೆ. ಇದನ್ನು ನಾವು ನಕಲು ಮಾಡಬೇಕಿಲ್ಲ.

ಬೆಂಗಳೂರಿನ ಪಾಲಿಕೆ ಕೊಳಗಳಲ್ಲಿ ವಾರಕ್ಕೆ ಎರಡು ದಿನ, ಬೆಳಗಿನ ಹೊತ್ತು ಸರ್ಕಾರಿ ಶಾಲೆಗಳಿಗೆ ಬಿಟ್ಟುಕೊಡಲಿ. ಹುಡುಗಿಯರಿಗೂ ಅದೇ ಹೊತ್ತು, ಬೇರೆ ಬ್ಯಾಚ್ ಬೇಡ. ಅಷ್ಟು ಆಗದಿದ್ದರೆ ಆ 21 ದಿನದ ಕ್ಯಾಂಪಿನಲ್ಲಿ ಕೊನೆಯ ದಿನ ಸಾಕು. ಮಕ್ಕಳು ಯೂನಿಫಾರ್ಮಿನಲ್ಲೇ ಬರಲಿ, ಶೂ ಬಿಚ್ಚುವುದು ಬೇಡ.